ಚಹಾ ಚೆಲ್ಲಿದ ನಕಾಶೆ, ಮಸಿ ಚೆಲ್ಲಿದ ನಕಾಶೆ

ಸಮುದ್ರ ಅಂದರೆ ನಮ್ಮ ಬೀದರ್ ಕಡೆಯ ಹೆಣ್ಣುಮಕ್ಕಳಿಗೆ ಕಥೆಯಲ್ಲಿ ಕೇಳಿದ್ದು, ಟಿ.ವಿ.ಯಲ್ಲಿ ನೋಡಿದ್ದು, ಅಷ್ಟೇ. ನನ್ನ ಮಟ್ಟಿಗೆ ಹೇಳುವುದಾದರೆ ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ಗೋಕರ್ಣಕ್ಕೆ ಹೋದಾಗ ಒಮ್ಮೆ ಕಂಡೆ. ಸೀರೆ ಮೊಣಕಾಲಿನವರೆಗೆ ಎತ್ತಿ ಹಿಡಿದು ನಿಂತು, ‘ಇದಕ್ಕೆ ಆ ಕಡೆ ದಡ ಅದನೋ ಇಲ್ಲೋ’ ಅಂತ ಅತ್ತೆಯವರನ್ನು ಕೇಳಿ ನಗೆಗೀಡಾಗಿದ್ದೆ. ನಮ್ಮ ಕಮಠಾಣದಲ್ಲಿ ದೊಡ್ಡ ನೀರು ಅಂದರೆ ಕೆರೆ. ಅದಕ್ಕೆ ನಾಲ್ಕೂ ಕಡೆ ದಡ ಉಂಟು, ಅಂಜಿಕೆ ಇಲ್ಲ.

ಇಂಥವಳು ಸ್ಪೇನ್ ದೇಶದ ಹಳೆಯ ಸಮುದ್ರ ನಕಾಶೆಗಳ ಬಗ್ಗೆ ಬರೆಯಲು ಕೂತಿದ್ದಾಳಲ್ಲ, ಇವಳಿಗೇನು ಬೇರೆ ಕೆಲಸ ಇಲ್ಲವೇ ಅಂತ ನೀವು ಅಂದುಕೊಳ್ಳಬಹುದು. ಕಾರಣ ಇದೆ. ಆ ಕಾರಣ ಒಂದು ಕಪ್ಪು ಚಹಾ.

ನಮ್ಮ ಮಾವನವರ ಕಾಲದ ಒಂದು ಹೊಲದ ನಕಾಶೆ ನಮ್ಮ ಮನೆಯಲ್ಲಿತ್ತು. ನಿಜಾಮರ ಕಾಲದ್ದು, ಉರ್ದುವಿನಲ್ಲಿ ಬರೆದದ್ದು, ಹಿಂದೆ ಬಟ್ಟೆ ಅಂಟಿಸಿದ್ದು. ಸುರುಳಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದರು. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವ ಮಾತು ಎದ್ದ ವರ್ಷ, ನಮ್ಮನೆಯವರು ಅದನ್ನು ತೆಗೆಸಿದರು. ಒಂದು ಮಧ್ಯಾಹ್ನ ನಾನೊಬ್ಬಳೇ ಪಡಸಾಲೆಯಲ್ಲಿ ಅದನ್ನು ಹಾಸಿಕೊಂಡು ನೋಡುತ್ತಾ ಕೂತಿದ್ದೆ. ಎಷ್ಟೋ ವರ್ಷ ಸುತ್ತಿಟ್ಟದ್ದು, ಮೂಲೆ ನಿಲ್ಲುತ್ತಲೇ ಇರಲಿಲ್ಲ, ತಾನಾಗಿ ಸುತ್ತಿಕೊಳ್ಳುತ್ತಿತ್ತು. ಕೈಯಲ್ಲಿದ್ದ ಚಹಾದ ಕಪ್ಪನ್ನೇ ಮೂಲೆಯ ಮೇಲೆ ಭಾರಕ್ಕೆ ಇಟ್ಟೆ. ಹೊರಗೆ ಯಾರೋ ಕರೆದರು ಅಂತ ತಿರುಗಿದೆ. ಅಷ್ಟರಲ್ಲಿ ನಕಾಶೆ ಸರ್ರನೆ ಸುತ್ತಿಕೊಂಡಿತು, ಕಪ್ಪು ಮಗುಚಿತು. ಗಾಬರಿಯಲ್ಲಿ ನಾನು ಮಾಡಿದ ಎರಡನೇ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಒಲೆ ಒರೆಸುವ ಒದ್ದೆ ಬಟ್ಟೆ ತಂದು ಗಸಗಸ ಒರೆಸಿದೆ. ಚಹಾ ಹೋಯಿತು, ಜತೆಗೆ ಕೈಯಲ್ಲಿ ಬರೆದಿದ್ದ ಒಂದು ಬದುವಿನ ಗೆರೆ ಮತ್ತು ಬಾವಿಯ ಗುರುತೂ ಹೋದವು.

ಯಾರಿಗೂ ಹೇಳಲಿಲ್ಲ. ಒಣಗಿಸಿ, ಸುತ್ತಿ, ನನ್ನ ಮದುವೆ ಸೀರೆಯ ಕೆಳಗೆ ಇಟ್ಟುಬಿಟ್ಟೆ. ಕೇಳಿದರೆ ‘ಎಲ್ಲೋ ಇಟ್ಟೀನಿ, ಹುಡುಕ್ತೀನಿ’ ಅನ್ನುತ್ತಿದ್ದೆ. ಹೀಗೆ ಐದು ತಿಂಗಳು ಕಳೆದವು.

ಬೀದರಿನಲ್ಲಿ ಕಾಲೇಜಿಗೆ ಹೋಗುವ ಮಗಳಿಗೆ ಮಾತ್ರ ಒಂದು ರಾತ್ರಿ ಬಾಯಿ ಬಿಟ್ಟೆ. ಅವಳು ಬೈಯಲಿಲ್ಲ, ನಕ್ಕಳು. “ಅಮ್ಮ, ಹಿಂಗೇ ಒಂದು ಆಗ್ಯದ, ಸ್ಪೇನ್‌ನಾಗ. ಅದು ನಿನ್ನ ನಕಾಶೆಕಿಂತ ಭಾಳ ದೊಡ್ಡ ನಕಾಶೆ” ಅಂದಳು. ಆ ಕಥೆಯನ್ನು ಕೇಳಿದ ಮೇಲೆ ನನಗೆ ಈ ನಕಾಶೆಗಳ ಹುಚ್ಚು ಹಿಡಿಯಿತು. ಮಗಳು ಓದಿ ಹೇಳಿದ್ದು, ಪುಸ್ತಕದಲ್ಲಿ ನಾನು ನೋಡಿದ್ದು, ಎಲ್ಲ ಸೇರಿಸಿ ನಿಮಗೆ ಹೇಳುತ್ತೇನೆ.

ಸ್ಪೇನ್ ದೇಶಕ್ಕೆ ಸೇರಿದ ಮಯೋರ್ಕಾ ಎಂಬ ಒಂದು ದ್ವೀಪ ಇದೆ. 1838ರ ಚಳಿಗಾಲದಲ್ಲಿ ಅಲ್ಲಿಗೆ ಫ್ರಾನ್ಸಿನ ಒಬ್ಬ ಲೇಖಕಿ ಬಂದಿದ್ದಳು. ಆಕೆಯ ಹುಟ್ಟು ಹೆಸರು ಒರೋರ್ ದ್ಯೂಪಾಂ. ಆದರೆ ಪುಸ್ತಕಗಳ ಮೇಲೆ ಹಾಕಿಕೊಳ್ಳುತ್ತಿದ್ದುದು ಜಾರ್ಜ್ ಸಾಂಡ್ ಎಂಬ ಗಂಡಸಿನ ಹೆಸರು. ಜತೆಯಲ್ಲಿ ತನ್ನ ಇಬ್ಬರು ಮಕ್ಕಳು, ಕೆಮ್ಮಿನ ಕಾಯಿಲೆಯಲ್ಲಿ ನರಳುತ್ತಿದ್ದ ಪ್ರಸಿದ್ಧ ಸಂಗೀತಗಾರ ಶೋಪಾಂ. ಅಲ್ಲಿನ ಒಬ್ಬ ಶ್ರೀಮಂತರ ಮನೆಯಲ್ಲಿ 1439ನೇ ಇಸವಿಯ ಒಂದು ಸಮುದ್ರ ನಕಾಶೆ ಇತ್ತು. ಅತಿಥಿಗೆ ತೋರಿಸಲು ಸುರುಳಿ ಬಿಚ್ಚಿದರು. ಚರ್ಮದ ಹಾಳೆ, ನಾಲ್ಕು ನೂರು ವರ್ಷ ಸುತ್ತಿಟ್ಟದ್ದು, ಸುಮ್ಮನೆ ಮಲಗುತ್ತದೆಯೇ? ಮೂಲೆ ನಿಲ್ಲಲಿ ಅಂತ ಒಬ್ಬ ಆಳು ಮಸಿ ಕುಡಿಕೆ ಇಟ್ಟ. ನಕಾಶೆ ಸುತ್ತಿಕೊಂಡಿತು, ಮಸಿ ಚೆಲ್ಲಿತು. ಆಮೇಲೆ ಏನಾಯಿತೆಂದು ಆಕೆಯೇ ತನ್ನ ಪುಸ್ತಕದಲ್ಲಿ ಬರೆದಿದ್ದಾಳೆ. ಆಳುಗಳು ಬೆಂಕಿ ಆರಿಸುವವರ ಹಾಗೆ ನೀರು ತಂದು ಉಜ್ಜಲು ಶುರುಮಾಡಿದರಂತೆ, ರಾಜರು, ಸಮುದ್ರ, ದ್ವೀಪ ಎಲ್ಲ ಒಟ್ಟಿಗೆ ತೊಳೆದು ಹೋಗುವ ಹಾಗೆ!

ನೋಡ್ರಿ, ಒದ್ದೆ ಬಟ್ಟೆಯ ಬುದ್ಧಿ ಕಮಠಾಣದವಳಿಗೆ ಮಾತ್ರ ಬಂದದ್ದಲ್ಲ. ಇದನ್ನು ಕೇಳಿ ಐದು ತಿಂಗಳ ನಂತರ ಮೊದಲ ಸಲ ನನ್ನ ಎದೆ ಸ್ವಲ್ಪ ಹಗುರಾಯಿತು.

ಆ ನಕಾಶೆ ಪೂರ್ತಿ ಹಾಳಾಗಲಿಲ್ಲ. ಈಗ ಬಾರ್ಸಿಲೋನಾದ ಸಮುದ್ರ ವಸ್ತು ಸಂಗ್ರಹಾಲಯದಲ್ಲಿದೆ, ಮಸಿಯ ಕಲೆ ಇನ್ನೂ ಅದರ ಮೇಲಿದೆ. ಬರೆದವನು ಗಾಬ್ರಿಯೆಲ್ ದೆ ವಾಯ್ಸೆಕಾ. ಅದರ ಹಿಂಬದಿಯಲ್ಲಿ ಇನ್ನೊಂದು ಬರಹ ಇದೆ. ಈ ದೊಡ್ಡ ಚರ್ಮವನ್ನು ಅಮೆರಿಗೊ ವೆಸ್ಪುಚಿ 130 ಚಿನ್ನದ ಡುಕಾಟ್ ಕೊಟ್ಟು ಕೊಂಡ ಎಂದು ಅದರ ಅರ್ಥ. ಅಮೆರಿಕಾಕ್ಕೆ ಯಾರ ಹೆಸರು ಬಂತೋ ಅದೇ ವೆಸ್ಪುಚಿ!

ಇಂಥ ನಕಾಶೆಗಳಿಗೆ ಪೋರ್ಟೊಲಾನ್ ನಕಾಶೆ ಎನ್ನುತ್ತಾರೆ. ಇವನ್ನು ಹೇಗೆ ಮಾಡುತ್ತಿದ್ದರು ಅನ್ನುವುದು ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ಭಾಗ, ಏಕೆಂದರೆ ಅದು ಹೆಚ್ಚುಕಡಿಮೆ ನಮ್ಮ ಅಂಗಳದ ಕೆಲಸ. ಕುರಿಯದೋ ಕರುವಿನದೋ ಒಂದಿಡೀ ಚರ್ಮ. ಅದನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಹೆರೆದು, ಚೌಕಟ್ಟಿಗೆ ಬಿಗಿದು ಕಟ್ಟಿ, ಮತ್ತೆ ಮತ್ತೆ ಹೆರೆದು ಒಣಗಿಸುತ್ತಿದ್ದರು. ಚಪ್ಪಲಿಯ ಚರ್ಮದ ಹಾಗೆ ಹದ ಹಾಕುವುದಿಲ್ಲ. ನಮ್ಮ ಹಲಗೆಯ ಚರ್ಮ ನೋಡಿದ್ದೀರಲ್ಲ, ಅಂಥದ್ದೇ, ಆದರೆ ಇನ್ನೂ ನುಣುಪು. ಕುತ್ತಿಗೆಯ ಭಾಗವನ್ನು ಕತ್ತರಿಸದೆ ಹಾಗೆಯೇ ಬಿಡುತ್ತಿದ್ದರು. ಅನೇಕ ನಕಾಶೆಗಳಲ್ಲಿ ಪಶ್ಚಿಮ ದಿಕ್ಕಿಗೆ ಆ ಕುತ್ತಿಗೆ ಇನ್ನೂ ಚಾಚಿಕೊಂಡಿದೆ. ಭೂಪಟ ನೋಡುತ್ತಿದ್ದೇವೆ ಅನ್ನುವಾಗ ಥಟ್ಟನೆ ಒಂದು ಕುರಿ ಕಂಡ ಹಾಗೆ.

ಆಮೇಲೆ ರಂಗೋಲಿ. ಹೌದು, ರಂಗೋಲಿ ಅಂತಲೇ ಹೇಳುತ್ತೇನೆ. ಚರ್ಮದ ಮೇಲೆ ಕಾಣದ ಹಾಗೆ ದೊಡ್ಡ ಸುತ್ತು ಕೊರೆದು, ಅದರ ಮೇಲೆ ಸಮ ಅಂತರದಲ್ಲಿ ಹದಿನಾರು ಚುಕ್ಕೆ ಇಡುವುದು. ಪ್ರತಿ ಚುಕ್ಕೆಯಿಂದ ಬೇರೆ ಚುಕ್ಕೆಗಳಿಗೆ ಗೆರೆ ಎಳೆಯುವುದು. ಮುಖ್ಯವಾದ ಎಂಟು ಗಾಳಿಯ ದಿಕ್ಕಿಗೆ ಕಪ್ಪು ಗೆರೆ, ಅದರ ನಡುವಿನದಕ್ಕೆ ಹಸಿರು, ಅದಕ್ಕೂ ನಡುವಿನದಕ್ಕೆ ಕೆಂಪು. ಮುಗಿದಾಗ ಜೇಡರ ಬಲೆಯ ಹಾಗೆ ಕಾಣುತ್ತದೆ. ಅಂದಕ್ಕಲ್ಲ ಅದು. ಹಡಗಿನವನು ಈ ಊರಿಂದ ಆ ಊರಿಗೆ ಹೋಗಬೇಕಾದರೆ ಎರಡರ ಮಧ್ಯೆ ಪಟ್ಟಿ ಇಡುತ್ತಾನೆ. ಆ ಪಟ್ಟಿಗೆ ಸಮವಾಗಿ ಹೋಗುವ ಗೆರೆ ಬಲೆಯಲ್ಲಿ ಯಾವುದಿದೆ ಅಂತ ಕೈವಾರ ಹಿಡಿದು ಹುಡುಕುತ್ತಾನೆ. ಅದರ ಬಣ್ಣ ನೋಡಿ ದಿಕ್ಕು ತಿಳಿಯುತ್ತದೆ, ದಿಕ್ಸೂಚಿಯ ಮುಳ್ಳನ್ನು ನೋಡಿಕೊಂಡು ಅದೇ ದಿಕ್ಕಿಗೆ ಹಡಗು ಬಿಡುತ್ತಾನೆ. ಅಕ್ಷಾಂಶ ರೇಖಾಂಶದ ಗೊಡವೆ ಇಲ್ಲ.

ಊರುಗಳ ಹೆಸರನ್ನು ದಡಕ್ಕೆ ಅಡ್ಡವಾಗಿ, ನೆಲದ ಕಡೆಗೆ ಬರೆಯುತ್ತಿದ್ದರು, ನೀರಿನ ಭಾಗ ಖಾಲಿ ಇರಲಿ ಅಂತ. ದೊಡ್ಡ ಬಂದರಿಗೆ ಕೆಂಪು ಮಸಿ, ಉಳಿದವಕ್ಕೆ ಕಪ್ಪು. ಹೆಸರು ದಡದ ಸುತ್ತ ತಿರುಗುತ್ತಾ ಹೋಗುವುದರಿಂದ ಓದಬೇಕಾದರೆ ನಕಾಶೆಯನ್ನೇ ತಿರುಗಿಸುತ್ತಾ ಇರಬೇಕು. ಒಳನಾಡಿನಲ್ಲಿ ಏನಿದೆ ಅಂತ ಅವರಿಗೆ ಅಷ್ಟು ಕಾಳಜಿ ಇರಲಿಲ್ಲ. ನಮ್ಮ ಬೀದರಿನಂಥ ಊರು ಅವರ ಲೆಕ್ಕದಲ್ಲಿ ಖಾಲಿ ಚರ್ಮ!

ಈ ಕಸುಬಿನವರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಕ್ರೆಸ್ಕೆಸ್ ಅಬ್ರಹಾಮ್. ಮಯೋರ್ಕಾದ ಯಹೂದಿ. ಬಣ್ಣದ ಚಿತ್ರ ಬರೆಯುವುದು, ದಿಕ್ಸೂಚಿ ಮಾಡುವುದು, ನಕಾಶೆ ಮಾಡುವುದು, ಮೂರೂ ಬಲ್ಲವನು. ಮಗ ಜಾಫುದಾ ಜತೆಯಲ್ಲೇ ಕೂತು ಕಲಿತ. ನಮ್ಮ ಬಿದರಿ ಕೆಲಸದ ಮನೆಗಳಲ್ಲಿ ಅಪ್ಪ ಬೆಳ್ಳಿ ತಂತಿ ಕೂಡಿಸುತ್ತಿದ್ದರೆ ಮಗ ಪಕ್ಕದಲ್ಲಿ ಕೋಟೆಯ ಮಣ್ಣು ಹಚ್ಚಿ ಕಪ್ಪು ಬರಿಸುವುದಿಲ್ಲವೇ, ಹಾಗೆ. ಕ್ಯಾಟಲನ್ ಅಟ್ಲಾಸ್ ಎಂದು ಹೆಸರಾದ 1375ರ ನಕಾಶೆ ಇವರ ಕೈಯದೆಂದು ವಿದ್ವಾಂಸರು ಹೇಳುತ್ತಾರೆ. ಮರದ ಹಲಗೆಗೆ ಅಂಟಿಸಿದ ಆರು ದೊಡ್ಡ ಚರ್ಮದ ಹಾಳೆಗಳು, ಚಿನ್ನ ಬೆಳ್ಳಿಯ ಲೇಪ. ಫ್ರಾನ್ಸಿನ ರಾಜರ ಗ್ರಂಥಾಲಯ ಸೇರಿ ಇಂದಿಗೂ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ದಿಕ್ಕು ತೋರಿಸುವ ಹೂವಿನಾಕಾರದ ಚಿತ್ರ ಮೊದಲು ಕಾಣಿಸುವುದು ಇದರಲ್ಲೇ. ಮೇಜಿನ ಮೇಲೆ ಹಾಸಿ ಸುತ್ತಲೂ ನಡೆದು ನೋಡಲೆಂದು ಮಾಡಿದ್ದರಿಂದ ಉತ್ತರ ಭಾಗದ ಮನುಷ್ಯರೆಲ್ಲ ತಲೆಕೆಳಗಾಗಿದ್ದಾರೆ. ಕೆಂಪು ಸಮುದ್ರಕ್ಕೆ ನಿಜವಾಗಿಯೂ ಕುಂಕುಮದ ಹಾಗೆ ಕೆಂಪು ಬಳಿದಿದ್ದಾರೆ.

ಅದರಲ್ಲಿ ನಮ್ಮ ದೇಶವೂ ಇದೆ. ದಿಲ್ಲಿಯ ಸುಲ್ತಾನ ಗದ್ದುಗೆಯಲ್ಲಿ ಕೂತಿದ್ದಾನೆ, ಅವನಿಗೆ 700 ಆನೆ, ಒಂದು ಲಕ್ಷ ಕುದುರೆ ಸವಾರರು ಅಂತ ಪಕ್ಕದಲ್ಲಿ ಬರೆದಿದೆ. ವಜ್ರ ಹೆಕ್ಕುವವರ ಚಿತ್ರವೂ ಇದೆ. ವಜ್ರವಿರುವ ಬೆಟ್ಟಕ್ಕೆ ಮನುಷ್ಯರು ಇಳಿಯಲಾಗದೆ ಮಾಂಸದ ತುಂಡು ಎಸೆಯುತ್ತಾರೆ, ವಜ್ರ ಅಂಟಿದ ಮಾಂಸವನ್ನು ಹಕ್ಕಿ ಎತ್ತಿಕೊಂಡು ಬರುತ್ತದೆ. ಇದೇ ಕಥೆಯನ್ನು ಮಾರ್ಕೋ ಪೋಲೊ ನಮ್ಮ ಮಗ್ಗುಲ ತೆಲುಗು ನಾಡಿನ ಬಗ್ಗೆ ಹೇಳಿದ್ದ. ಅಲ್ಲಿ ಒಬ್ಬ ವಿವೇಕವಂತೆ ರಾಣಿ ಆಳುತ್ತಾಳೆ ಎಂದು ಹೊಗಳಿದ್ದ. ಆಕೆ ಕಾಕತೀಯರ ರುದ್ರಮದೇವಿಯೇ ಇರಬೇಕು ಅನ್ನುತ್ತಾರೆ. ಗೋಲ್ಕೊಂಡದ ವಜ್ರದ ಸುದ್ದಿ ಅಷ್ಟು ದೂರದ ದ್ವೀಪಕ್ಕೆ ಹೋಗಿ ಕುರಿಯ ಚರ್ಮದ ಮೇಲೆ ಕೂತಿತ್ತು. ಬಾಯಿಂದ ಬಾಯಿಗೆ ಹೋಗುವಾಗ ಹಕ್ಕಿ ಸೇರಿಕೊಂಡಿರಬೇಕು.

ಇನ್ನು ಹೇಳುವುದು ಸಂತೋಷದ ಮಾತಲ್ಲ. ಕ್ರೆಸ್ಕೆಸ್ 1387ರಲ್ಲಿ ತೀರಿಕೊಂಡ. ನಾಲ್ಕು ವರ್ಷದ ಮೇಲೆ, 1391ರ ಬೇಸಿಗೆಯಲ್ಲಿ, ಸ್ಪೇನಿನ ಊರೂರಿನಲ್ಲಿ ಯಹೂದಿಗಳ ಮೇಲೆ ದೊಂಬಿ ಎದ್ದಿತು. ಮಯೋರ್ಕಾದ ಯಹೂದಿ ಕೇರಿಯೂ ಲೂಟಿಯಾಯಿತು. ಬದುಕಬೇಕಾದರೆ ಮತ ಬಿಡಬೇಕು ಅನ್ನುವ ಸ್ಥಿತಿ. ರಾಜರಿಗೆ ಲೋಕವನ್ನೇ ಬರೆದುಕೊಟ್ಟವನ ಮಗ ಜಾಫುದಾ ಅಂದಿನಿಂದ ಜಾವುಮೆ ರೀಬೆಸ್ ಎಂಬ ಕ್ರೈಸ್ತನಾದ. ಕಸುಬು ಮಾತ್ರ ಬಿಡಲಿಲ್ಲ, ಬಾರ್ಸಿಲೋನಾದಲ್ಲಿ ನಕಾಶೆ ಬರೆಯುತ್ತಲೇ ಇದ್ದ. ಮಸಿ ಚೆಲ್ಲಿದ ನಕಾಶೆಯ ವಾಯ್ಸೆಕಾ ಕೂಡ ಹೀಗೆ ಮತ ಬದಲಿಸಿದ ಮನೆತನದವನೇ. ಹೆಸರು ಬದಲಾಗುವುದು ನಮಗೆ ಹೊಸದಲ್ಲ. ಮದುವೆಯ ದಿನ ಅಕ್ಕಿಯಲ್ಲಿ ಬರೆದ ಹೊಸ ಹೆಸರಿಗೆ ಓಗೊಡುವುದನ್ನು ಎಷ್ಟೋ ಜನ ಕಲಿತಿದ್ದೇವೆ. ಆದರೆ ಬಾಗಿಲಿಗೆ ಬಡಿಗೆ ಹಿಡಿದು ಬಂದವರ ಮುಂದೆ ಹೆಸರು ಬದಲಿಸುವುದು ಬೇರೆ ಮಾತು.

ನೂರು ವರ್ಷ ದಾಟಿ ಮುಂದೆ ಬರೋಣ. ಕೊಲಂಬಸ್ ಪಶ್ಚಿಮಕ್ಕೆ ಹೋಗಿ ಬಂದ ಮೇಲೆ ನಕಾಶೆ ಅನ್ನುವುದು ಕುಶಲಕರ್ಮಿಯ ಮನೆಯಿಂದ ಸರ್ಕಾರದ ಬೀರುವಿಗೆ ಹೋಯಿತು. 1503ರಲ್ಲಿ ಸೆವಿಲ್ ನಗರದಲ್ಲಿ ಹಡಗಿನ ವ್ಯಾಪಾರಕ್ಕೆಲ್ಲ ಒಂದು ದೊಡ್ಡ ಕಚೇರಿ ತೆರೆದರು. 1508ರಲ್ಲಿ ‘ಪದ್ರೋನ್ ರೆಯಾಲ್’ ಎಂಬ ಮೂಲ ನಕಾಶೆ ಶುರುವಾಯಿತು. ಸಮುದ್ರದಿಂದ ಮರಳಿದ ನಾವಿಕರು ತಾವು ಕಂಡ ಹೊಸ ದಡ, ಹೊಸ ದ್ವೀಪದ ವಿವರ ಕೊಡಬೇಕು, ಅದನ್ನು ಮೂಲದಲ್ಲಿ ತಿದ್ದಬೇಕು, ಉಳಿದ ಹಡಗಿನವರಿಗೆ ಅದರ ನಕಲು ಸಿಗಬೇಕು. ನಾವು ಕಿರಾಣಿ ಲೆಕ್ಕದ ಪುಸ್ತಕ ಒಂದೇ ಇಟ್ಟು ಎಲ್ಲರೂ ಅದರಲ್ಲೇ ಬರೆಯಿರಿ ಅನ್ನುತ್ತೇವಲ್ಲ, ಆ ರೀತಿ. ಆ ಮೂಲ ನಕಾಶೆ ಮಾತ್ರ ಇಂದು ಎಲ್ಲೂ ಉಳಿದಿಲ್ಲ. ತಿದ್ದಿ ತಿದ್ದಿ ಹಳೆಯದಾದದ್ದನ್ನು ಯಾರು ಇಟ್ಟುಕೊಳ್ಳುತ್ತಾರೆ?

ಇದರ ಉಸ್ತುವಾರಿಗೆ ನೇಮಿಸಿದ ಮೊದಲ ಮುಖ್ಯ ನಾವಿಕ ನಮ್ಮ 130 ಡುಕಾಟಿನ ವೆಸ್ಪುಚಿಯೇ. 1512ರಲ್ಲಿ ಅವನು ಸತ್ತಾಗ ಹೆಂಡತಿ ಮರಿಯಾ ಸೆರೆಸೊಗೆ ವರ್ಷಕ್ಕೆ 10,000 ಮರಾವೆದಿ ಪಿಂಚಣಿ ಕೊಟ್ಟರು. ಖಜಾನೆಯಿಂದಲ್ಲ, ಗಂಡನ ಜಾಗಕ್ಕೆ ಬಂದವನ ಸಂಬಳದಲ್ಲಿ ಮುರಿದು! ಆ ಮನುಷ್ಯ ತಿಂಗಳು ತಿಂಗಳು ಏನು ಗೊಣಗಿಕೊಂಡನೋ ಅಂತ ನಾನೂ ಮಗಳೂ ನಕ್ಕೆವು.

ಕೊಲಂಬಸನ ಸಾಂತಾ ಮರಿಯಾ ಹಡಗಿನ ಒಡೆಯ ಹ್ವಾನ್ ದೆ ಲಾ ಕೋಸಾ 1500ರಲ್ಲಿ ಬರೆದ ನಕಾಶೆ, ಅಮೆರಿಕಾವನ್ನು ತೋರಿಸುವ ನಮಗೆ ತಿಳಿದ ನಕಾಶೆಗಳಲ್ಲೆಲ್ಲ ಹಳೆಯದು. ಅದು ಹೇಗೋ ಕಣ್ಮರೆಯಾಗಿ, 1832ರಲ್ಲಿ ಪ್ಯಾರಿಸ್ಸಿನ ಒಂದು ಅಂಗಡಿಯಲ್ಲಿ ಸಿಕ್ಕಿತು. 1853ರಲ್ಲಿ ಸ್ಪೇನ್ ಸರ್ಕಾರ ಹರಾಜಿನಲ್ಲಿ ಕೂಗಿ ತನ್ನದನ್ನೇ ತಾನು ದುಡ್ಡು ಕೊಟ್ಟು ಕೊಂಡುಕೊಂಡಿತು. ಈಗ ಮ್ಯಾಡ್ರಿಡ್ಡಿನ ನೌಕಾ ಸಂಗ್ರಹಾಲಯದಲ್ಲಿದೆ. ಕೋಸಾನ ಪಾಡು ಕೆಟ್ಟದಾಯಿತು. 1510ರಲ್ಲಿ ಈಗಿನ ಕೊಲಂಬಿಯಾದ ದಡದ ಬಳಿ ವಿಷದ ಬಾಣ ತಗಲಿ ಸತ್ತ.

ಇನ್ನು ಬರುವುದು ಲವಂಗದ ಜಗಳ. ಇದನ್ನು ಓದುವಾಗ ನಮ್ಮ ಮನೆಯ ಪಾಲಿನ ಪಂಚಾಯ್ತಿ ನೆನಪಾಗಿ ನನಗೆ ಬೆವರು ಬಂತು. 1494ರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ರಾಜರು ಅಟ್ಲಾಂಟಿಕ್ ಸಾಗರದ ನಡುವೆ ಒಂದು ಗೆರೆ ಎಳೆದರು. ಗೆರೆಯ ಈಚೆ ಸಿಕ್ಕಿದ್ದು ನಿನಗೆ, ಆಚೆ ಸಿಕ್ಕಿದ್ದು ನನಗೆ ಅಂತ. ಅಲ್ಲಿ ಇದ್ದ ಜನರನ್ನು ಯಾರೂ ಕೇಳಲಿಲ್ಲ, ಅದು ಬೇರೆ ವಿಷಯ. ತೊಂದರೆ ಏನೆಂದರೆ, ಭೂಮಿ ಉಂಡೆಯಾಗಿದೆ. ಮೋಸಂಬಿಗೆ ಈ ಕಡೆಯಿಂದ ಚಾಕು ಇಟ್ಟರೆ ಆ ಕಡೆ ಎಲ್ಲಿ ಹೊರಬರುತ್ತದೆ? ಆ ಬೆನ್ನ ಕಡೆಯ ಗೆರೆಯ ಹತ್ತಿರವೇ ಲವಂಗ ಬೆಳೆಯುವ ಮೊಲುಕ್ಕಾ ದ್ವೀಪಗಳಿದ್ದವು. ಪೂರ್ವ ಪಶ್ಚಿಮದ ದೂರವನ್ನು ಸಮುದ್ರದ ಮೇಲೆ ಸರಿಯಾಗಿ ಅಳೆಯುವ ಉಪಾಯ ಆಗ ಇರಲಿಲ್ಲ. ಅದಕ್ಕೆ ಒಳ್ಳೆಯ ಗಡಿಯಾರ ಬೇಕು, ಅದು ಬಂದದ್ದು ಎರಡು ನೂರು ವರ್ಷಗಳಾಚೆಗೆ.

1519ರಲ್ಲಿ ಮೆಗೆಲನ್ ಐದು ಹಡಗು, ಇನ್ನೂರಕ್ಕೂ ಹೆಚ್ಚು ಜನರನ್ನು ಕಟ್ಟಿಕೊಂಡು ಸ್ಪೇನಿನಿಂದ ಆ ದ್ವೀಪಗಳಿಗೆ ಹೊರಟಿದ್ದ. 1522ರಲ್ಲಿ ಲೋಕ ಸುತ್ತಿ ಮರಳಿದ್ದು ಒಂದೇ ಹಡಗು, ಅದರಲ್ಲಿ 18 ಜನ. ಮೆಗೆಲನ್ನನೂ ದಾರಿಯಲ್ಲೇ ಹೋಗಿದ್ದ. ಆ ಒಂದು ಹಡಗಿನ ತುಂಬ ಲವಂಗ ಇತ್ತು. ನಾವು ಪಲಾವಿಗೆ ನಾಲ್ಕು ಹಾಕಿ, ತಿನ್ನುವಾಗ ತಟ್ಟೆಯ ಅಂಚಿಗೆ ಎತ್ತಿಡುತ್ತೇವಲ್ಲ, ಅದೇ ಲವಂಗ.

ದ್ವೀಪ ಯಾರದು ಅಂತ ತೀರ್ಮಾನಿಸಲು 1524ರಲ್ಲಿ ಎರಡೂ ದೇಶದ ನಾವಿಕರು, ನಕಾಶೆಗಾರರು ಗಡಿಯ ಊರುಗಳಲ್ಲಿ ಸಭೆ ಸೇರಿದರು. ಏನೂ ಬಗೆಹರಿಯಲಿಲ್ಲ. ಸ್ಪೇನಿನ ಕಡೆ ಕೂತಿದ್ದ ನಕಾಶೆಗಾರರಲ್ಲಿ ಒಬ್ಬ ದಿಯೋಗೊ ರಿಬೇರೊ, ಹುಟ್ಟಿನಿಂದ ಪೋರ್ಚುಗಲ್ಲಿನವನು, ಸಂಬಳ ಸ್ಪೇನ್ ರಾಜನದು. 1529ರಲ್ಲಿ ಅವನು ಬರೆದ ಬಹು ಸುಂದರ ಲೋಕದ ನಕಾಶೆ ವ್ಯಾಟಿಕನ್ನಿನಲ್ಲಿದೆ. ಅದರಲ್ಲಿ ಮೊಲುಕ್ಕಾ ದ್ವೀಪಗಳು ಸ್ಪೇನಿನ ಪಾಲಿನಲ್ಲಿವೆ. ನಿಜವಾಗಿ ಅವು ಪೋರ್ಚುಗಲ್ಲಿನ ಪಾಲಿಗೆ ಬೀಳುತ್ತಿದ್ದವು ಅಂತ ಈಗಿನ ಅಳತೆ ಹೇಳುತ್ತದೆ. ಅದೇ 1529ರಲ್ಲಿ ಸ್ಪೇನ್ ರಾಜ 3,50,000 ಡುಕಾಟ್ ತೆಗೆದುಕೊಂಡು ದ್ವೀಪಗಳ ಹಕ್ಕು ಪೋರ್ಚುಗಲ್ಲಿಗೆ ಬಿಟ್ಟುಕೊಟ್ಟ. ತನ್ನದಲ್ಲದ ಹೊಲವನ್ನು ಒಳ್ಳೆಯ ಬೆಲೆಗೆ ಮಾರಿದ! ರಿಬೇರೊ ಬೇಕೆಂದೇ ಗೆರೆ ಸರಿಸಿದನೋ, ಒಡೆಯನ ಮನೆಯ ಲೆಕ್ಕವನ್ನೇ ನಂಬಿದನೋ. ಉಪ್ಪು ತಿಂದ ಮನೆಗೆ ಗೆರೆ ಸ್ವಲ್ಪ ಓಲುತ್ತದೆ ಅಂತ ನನಗನ್ನಿಸುತ್ತದೆ.

ಇಷ್ಟು ತಿಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ನಾನು ಒರೆಸಿ ಹಾಕಿದ ಬದು ನಮ್ಮ ಪಾಲಿಗೂ ಸಣ್ಣ ಮೈದುನನ ಪಾಲಿಗೂ ನಡುವಿನದು. ಬಾವಿ ಯಾರ ಕಡೆ ಅನ್ನುವುದೇ ಅದರಿಂದ ತಿಳಿಯಬೇಕು. ಬೇಕೆಂದೇ ಅಳಿಸಿದಳು ಅಂತ ಯಾರಾದರೂ ಅಂದರೆ ನನ್ನ ಬಾಯಲ್ಲಿ ಉತ್ತರ ಏನಿದೆ? ಮರುದಿನ ಬೆಳಿಗ್ಗೆ ನಕಾಶೆ ತೆಗೆದು ಅತ್ತೆಯವರ ಮುಂದೆ ಇಟ್ಟೆ. ಅದು ಹೇಗಾಯಿತು ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮ ಕನ್ನಡದ ಕರಾವಳಿಯ ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಮರೆತುಹೋಗುತ್ತದೆ.

ಬೀದರಿಗೂ ಸಮುದ್ರಕ್ಕೂ ಸಂಬಂಧವೇ ಇಲ್ಲ ಅಂದುಕೊಂಡಿದ್ದೆ. ಹಾಗಿಲ್ಲ. ಮದರಸಾ ಕಟ್ಟಿಸಿದ ನಮ್ಮ ಮಹಮೂದ್ ಗವಾನ್ 1472ರಲ್ಲಿ ಗೋವೆಯನ್ನು ಗೆದ್ದು ಬಹಮನಿ ರಾಜ್ಯಕ್ಕೆ ಸೇರಿಸಿದ್ದ. ಅರಬ್ಬಿ ಕುದುರೆಗಳು ಹಡಗಿನಲ್ಲಿ ಬಂದಿಳಿದು ಘಟ್ಟ ಹತ್ತಿ ಬೀದರಿನ ಪೇಟೆಗೆ ಬರುತ್ತಿದ್ದವು. 1498ರಲ್ಲಿ ವಾಸ್ಕೋ ಡ ಗಾಮ ಬಂದಾಗ ಗೋವೆಯ ಒಡೆಯ ವಿಜಾಪುರದ ಯೂಸುಫ್ ಆದಿಲ್ ಖಾನ್, ಅವನೂ ಬೀದರಿನ ದರ್ಬಾರಿನ ಸೇವೆಯಲ್ಲಿ ಬೆಳೆದವನೇ. ಗಾಮ ಹಿಂದಿರುಗುವಾಗ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಹಡಗು ನಿಲ್ಲಿಸಿ ಶುಚಿ ಮಾಡಿಸುತ್ತಿದ್ದ. ಅಲ್ಲಿಗೆ ಗೋವೆಯ ಒಡೆಯನ ಕಡೆಯ ಒಬ್ಬ ಯಹೂದಿ ಬಂದ. ಗೂಢಚಾರನೆಂದು ಅವನನ್ನು ಹಿಡಿದು ಹೊಡೆದು, ಲಿಸ್ಬನ್ನಿಗೆ ಒಯ್ದು, ಕ್ರೈಸ್ತನನ್ನಾಗಿ ಮಾಡಿ ಗಾಸ್ಪರ್ ಡ ಗಾಮ ಅಂತ ಹೆಸರಿಟ್ಟರು. ಜಾಫುದಾನ ಕಥೆ ಮತ್ತೆ ಬಂತು ನೋಡಿ. ಆಮೇಲಿನ ಯಾತ್ರೆಗಳಲ್ಲಿ ಅವನೇ ಪೋರ್ಚುಗೀಸರಿಗೆ ದುಭಾಷಿಯಾದ.

ನಮ್ಮವರಿಗೆ ನಕಾಶೆ ಗೊತ್ತಿರಲಿಲ್ಲ ಅಂತ ತಿಳಿಯಬೇಡಿ. ಆಫ್ರಿಕಾದ ದಡದಿಂದ ಗಾಮನಿಗೆ ದಾರಿ ತೋರಿಸಿದ ನಾವಿಕ ಭಾರತದ ಕರಾವಳಿಯ ನಕಾಶೆಯನ್ನೇ ಬಿಚ್ಚಿ ತೋರಿಸಿದ ಅಂತ ಬಾರೋಸ್ ಎಂಬ ಪೋರ್ಚುಗೀಸ್ ಇತಿಹಾಸಕಾರ ಬರೆದಿದ್ದಾನೆ.

1580ರಿಂದ 1640ರವರೆಗೆ ಪೋರ್ಚುಗಲ್ಲಿಗೂ ಸ್ಪೇನಿಗೂ ಒಬ್ಬನೇ ರಾಜ. ಅಂದರೆ ಆ ಅರವತ್ತು ವರ್ಷ ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳು ಸ್ಪೇನ್ ರಾಜನ ಲೆಕ್ಕದಲ್ಲಿದ್ದವು. ಇದನ್ನು ಶಾಲೆಯಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ಮ್ಯಾಡ್ರಿಡ್ಡಿನಲ್ಲಿ ಕೂತ ಆ ರಾಜ ಫಿಲಿಪ್, ಪೂರ್ವದ ತನ್ನ ಕೋಟೆಗಳೆಲ್ಲದರ ಚಿತ್ರ ಬೇಕೆಂದು ಅಪ್ಪಣೆ ಮಾಡಿದ. ಗೋವೆಯಲ್ಲಿ ದಫ್ತರದ ಕೆಲಸದಲ್ಲಿದ್ದ ಆಂತೋನಿಯೊ ಬೊಕಾರೊ ವಿವರ ಬರೆದ, ಪೆದ್ರೊ ಬರೆತೊ ದೆ ರೆಸೆಂದೆ ಚಿತ್ರಗಳನ್ನು ಒದಗಿಸಿದ. 1635ರಲ್ಲಿ 48 ಬಣ್ಣದ ಚಿತ್ರಗಳ ಪುಸ್ತಕ ಸಿದ್ಧವಾಯಿತು. ಪೋರ್ಚುಗಲ್ಲಿನ ಎವೊರಾ ಗ್ರಂಥಾಲಯದಲ್ಲಿ ಈಗಲೂ ಇದೆ. ಹೊನ್ನಾವರಕ್ಕೆ ಓನೋರ್, ಬಸರೂರಿಗೆ ಬರ್ಸೆಲೋರ್ ಅಂತ ಹೆಸರು. ಮಗಳು ಮೊಬೈಲಿನಲ್ಲಿ ತೋರಿಸಿದಳು. ನದಿಯ ಬಾಯಿ, ಕೋಟೆಯ ಗೋಡೆ, ಸಣ್ಣ ಸಣ್ಣ ಮನೆ, ಮಕ್ಕಳು ಬರೆದಷ್ಟು ಮುದ್ದಾಗಿದೆ. ಕರಾವಳಿಯ ಸಹೋದರಿಯರೇ, ನಿಮ್ಮ ಊರಿನ ಚಿತ್ರ ಅಷ್ಟು ದೂರದಲ್ಲಿದೆ, ಒಮ್ಮೆ ಮಕ್ಕಳಿಗೆ ಹೇಳಿ ತೆಗೆಸಿ ನೋಡಿ.

ಹಳೆಯ ನಕಾಶೆ ಯಾವ ಮನೆ ಸೇರಿ ಏನಾಗುತ್ತದೆ ಹೇಳಲಾಗದು. ನಮ್ಮ ದೇಶವನ್ನು ಚೆನ್ನಾಗಿ ಮುಕ್ಕೋನೆಯಾಗಿ ತೋರಿಸಿದ ಪೋರ್ಚುಗೀಸ್ ನಕಾಶೆಯೊಂದನ್ನು 1502ರಲ್ಲಿ ಕಾಂತಿನೊ ಎಂಬವನು 12 ಡುಕಾಟ್ ಕೊಟ್ಟು ಗುಟ್ಟಾಗಿ ಮಾಡಿಸಿ ಇಟಲಿಗೆ ಸಾಗಿಸಿದ್ದ. 1859ರ ಗಲಭೆಯಲ್ಲಿ ಮೋದೆನಾ ಅರಮನೆ ಲೂಟಿಯಾಗಿ ಅದು ಕಾಣೆಯಾಯಿತು. ಕಡೆಗೆ ಸಿಕ್ಕಿದ್ದು ಅದೇ ಊರಿನ ಮಾಂಸದಂಗಡಿಯಲ್ಲಿ, ಮರೆಗೆ ಪರದೆಯಾಗಿ! ಗ್ರಂಥಾಲಯದ ಬೋನಿ ಎಂಬವರ ಕಣ್ಣಿಗೆ ಬೀಳದಿದ್ದರೆ ಅಷ್ಟೇ ಆಗಿತ್ತು.

ನಿಮ್ಮ ಮನೆಯಲ್ಲೂ ಹಳೆಯ ಕಾಗದ ಇದ್ದೇ ಇರುತ್ತವೆ. ಹೊಲದ್ದು, ಮನೆಯದು, ಜಾತಕ, ಅಜ್ಜನ ಪತ್ರ. ಪೆಟ್ಟು ತಿಂದವಳ ಮಾತು ಕೇಳಿ. ಏನಾದರೂ ಚೆಲ್ಲಿದರೆ ಉಜ್ಜಲೇಬೇಡಿ, ಒಣ ಹತ್ತಿ ಬಟ್ಟೆ ಮೇಲಿಟ್ಟು ಮೆಲ್ಲಗೆ ಒತ್ತಿ ಹೀರಿಸಿ, ನೆರಳಿನಲ್ಲಿ ಹಾಸಿ ಒಣಗಿಸಿ. ಬಿಸಿಲೂ ಬೇಡ, ಇಸ್ತ್ರಿಯೂ ಬೇಡ. ಹರಿದ ಜಾಗಕ್ಕೆ ಅಂಗಡಿಯ ಅಂಟು ಟೇಪು ಹಚ್ಚಿದರೆ ನಾಲ್ಕು ವರ್ಷಕ್ಕೆ ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಶನ್ ಮಾಡಿಸಿಬಿಡೋಣ ಅಂತ ಎಲ್ಲರೂ ಹೇಳುತ್ತಾರೆ. ಅದು ಒಮ್ಮೆ ಅಂಟಿದರೆ ಬಿಡಿಸಲು ಬರುವುದಿಲ್ಲ, ಮೂಲ ಪತ್ರಕ್ಕೆ ಮಾಡಿಸಬೇಡಿ. ಮಡಚುವುದಕ್ಕಿಂತ ದಪ್ಪ ಕೊಳವೆಗೆ ಸುತ್ತುವುದು ಮೇಲು, ಮಡಿಕೆಯಲ್ಲೇ ಕಾಗದ ಸೀಳುವುದು. ಮೇಲೆ ಒಗೆದ ಬಿಳಿ ಹತ್ತಿ ಬಟ್ಟೆ ಸುತ್ತಿ, ಒಣಗಿದ ಬೇವಿನ ಎಲೆಯನ್ನು ಬೇರೆ ಚೀಲದಲ್ಲಿ ಕಟ್ಟಿ ಪಕ್ಕದಲ್ಲಿಡಿ, ಕಾಗದಕ್ಕೆ ತಾಗದ ಹಾಗೆ. ಟ್ರಂಕನ್ನು ನೆಲಕ್ಕೆ ತಾಗಿಸದೆ ಎರಡು ಇಟ್ಟಿಗೆಯ ಮೇಲೆ ಇಟ್ಟರೆ ಗೆದ್ದಲಿನ ಭಯ ಕಡಿಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ತೆಗೆದು ಗಾಳಿಗೆ ಹಾಕಿ. ಎಲ್ಲಕ್ಕಿಂತ ಮೊದಲು ಒಂದು ನಕಲು ಮಾಡಿಸಿಡಿ. ಮಯೋರ್ಕಾದ ನಕಾಶೆಗೂ ಮಸಿ ಚೆಲ್ಲುವ ಮೊದಲೇ ತಾಸ್ತು ಎಂಬ ವಿದ್ವಾಂಸ ಒಂದು ನಕಲು ತೆಗೆದಿದ್ದ.

ಇನ್ನು ಅತ್ತೆಯವರ ವಿಷಯ. ನಾನು ಅಳುತ್ತಾ ಹೇಳಿದ್ದನ್ನೆಲ್ಲ ಕೇಳಿ ಅವರು, “ಇಷ್ಟಕ್ಕ ಐದು ತಿಂಗಳು ಮುಚ್ಚಿಟ್ಟಿಯೇನ? ನಡಿ ಹೊಲಕ್ಕ” ಅಂದರು. ಓದು ಬರಹ ಬಾರದ ಹೆಂಗಸು. ಗಂಡುಮಕ್ಕಳನ್ನು, ಮೈದುನನ ಹೆಂಡತಿಯನ್ನು, ನನ್ನ ಮಗಳನ್ನು, ಎಲ್ಲರನ್ನೂ ಕರೆದುಕೊಂಡು ತೊಗರಿ ಸಾಲಿನ ನಡುವೆ ನಡೆದರು. ಇಲ್ಲಿ ಬೇವಿನ ಮರ ಇತ್ತು, ಬೇರು ನೋಡ್ರಿ. ಇಲ್ಲಿಂದ ಹನ್ನೆರಡು ಹೆಜ್ಜೆಗೆ ಬಾಂದದ ಕಲ್ಲು. ಕಲ್ಲು ಮಣ್ಣಿನಲ್ಲಿ ಹೂತುಹೋಗಿತ್ತು, ಅಗೆದರೆ ಸಿಕ್ಕಿತು. ಮಗಳು ಬೆಣ್ಣೆ ಕಾಗದದ ಮೇಲೆ ಗುರುತು ಹಾಕುತ್ತಾ ಹೋದಳು. ಬಾವಿ ಮೈದುನನ ಕಡೆಗೆ ಬಂತು, ಎಂಟು ಮಾರು ದೂರದಲ್ಲಿ.

ನಮ್ಮನೆಯವರು ಆ ದಿನ ಊಟ ಮಾಡುವಾಗ ಮಾತಾಡಲಿಲ್ಲ. ನೀರು ಸರದಿಯ ಮೇಲೆ ಇಬ್ಬರೂ ತೆಗೆದುಕೊಳ್ಳುವುದು ಅಂತ ಆಮೇಲೆ ಒಪ್ಪಂದವಾಯಿತು, ನಡೆದುಕೊಂಡು ಹೋಗುತ್ತಿದೆ. ಮೈದುನನ ಹೆಂಡತಿ ಮಾತ್ರ ನಮ್ಮ ಮನೆಗೆ ಬಂದಾಗೆಲ್ಲ ಚಹಾ ಕಪ್ಪನ್ನು ನೆಲದ ಮೇಲೆ ಇಡುವುದಿಲ್ಲ. ಕುಡಿದು ಮುಗಿಯುವವರೆಗೂ ಎರಡೂ ಕೈಯಲ್ಲಿ ಹಿಡಿದುಕೊಂಡೇ ಇರುತ್ತಾಳೆ, ನನ್ನ ಮುಖ ನೋಡಿ ನಗುತ್ತಾಳೆ.